ಕೇಳದೆ ಬರಬೇಕಾದ ಸಿಹಿ

ಸಸಿತೋಟಕ್ಕೆ ಚಹಾ ತರುವ ಅಡಿವೆಯ್ಯನ ಕೈಯಲ್ಲಿ ಆ ವರ್ಷ ಎರಡು ಕಿಟ್ಲಿಗಳಿರುತ್ತಿದ್ದವು. ದೊಡ್ಡದು ಎಲ್ಲರದು. ಸಣ್ಣದು ಮೋತಿಬಾಯಿಯೊಬ್ಬಳದು. ಸಣ್ಣ ಕಿಟ್ಲಿಯ ಚಹಾಕ್ಕೆ ಅವನು ಸಕ್ಕರೆ ಹಾಕುವಂತಿರಲಿಲ್ಲ.

"ಡಾಕ್ಟರ್ ಬ್ಯಾಡ ಅಂದಾರೇನಕ್ಕಾ?" ಎಂದು ಅವನು ಮೊದಮೊದಲು ಕೇಳಿದ್ದ.

"ಇಲ್ಲೋ."

"ಮತ್ತ ಯಾಕ?"

"ಯಾಕೋ ನನಗೂ ತಿಳೀವಲ್ದು. ನೀ ಹಾಕಬ್ಯಾಡ, ಅಷ್ಟ."

ತಿಳಿಯುತ್ತಿಲ್ಲ ಎಂದು ಅವಳು ಹೇಳಿದ್ದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಮೋತಿಬಾಯಿ ಹುಟ್ಟಿದ್ದು ಹಳಿಯಾಳದ ಆಚೆ, ಕಾಡಂಚಿನ ಒಂದು ಸಿದ್ದಿ ಕೇರಿಯಲ್ಲಿ. ಮದುವೆಯಾಗಿ ದಾಂಡೇಲಿಗೆ ಬಂದಳು. ಗಂಡ ಜೈರಾಮ ಲಾರಿಗೆ ಬಿದಿರು ಏರಿಸುವ ಕೆಲಸದವನು. ಒಳ್ಳೆಯ ಮನುಷ್ಯನೇ, ಆದರೆ ಮಾತು ಕಡಿಮೆ. ಆಡುವ ಮಾತಿನಲ್ಲಿಯೂ ಅರ್ಧ ಎಮ್ಮೆಯ ಜೊತೆ. ಹೀಗಾಗಿ ಮೋತಿಬಾಯಿಗೆ ಮಾತು ಬೇಕಾದರೆ ಸಸಿತೋಟಕ್ಕೇ ಹೋಗಬೇಕಾಗಿತ್ತು. ಅಲ್ಲಿ ಮಣ್ಣು, ಗೊಬ್ಬರ ಕಲಸಿ ಕರಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬುವುದು, ಸಾಗವಾನಿ ಸಸಿ ನೆಡುವುದು, ನೀರು ಹಾಕುವುದು, ಕಳೆ ಕೀಳುವುದು ಅವಳ ಕೆಲಸ. ಒಂದೇ ಸಾಲಿನಲ್ಲಿ ನಾಲ್ವರು ಗೆಳತಿಯರು ಕೂರುತ್ತಿದ್ದರು. ಮೋತಿಬಾಯಿ, ಮಾರ್ಗರೀಟಾ, ಸಲ್ಮಾ ಮೂವರೂ ಸಿದ್ದಿಯರು. ಒಬ್ಬಳು ಗುಡಿಗೆ, ಒಬ್ಬಳು ಇಗರ್ಜಿಗೆ, ಒಬ್ಬಳು ದರ್ಗಾಕ್ಕೆ ಹೋಗುವವಳು. ನಾಲ್ಕನೆಯವಳು ಶಂಕ್ರವ್ವ, ಮುಂಡಗೋಡದ ಕಡೆಯ ಲಿಂಗಾಯತರವಳು. ಮೊಟ್ಟೆಯ ವಾಸನೆ ಬಂದರೂ ಬುತ್ತಿ ಎತ್ತಿಕೊಂಡು ನಾಲ್ಕು ಮಾರು ದೂರ ಹೋಗಿ ಕೂರುವವಳು. ಆದರೆ ಅಲ್ಲಿಂದಲೇ ಕೂಗಿ ಕೂಗಿ ಮಾತಾಡುವವಳು.

ಈ ನಾಲ್ವರಲ್ಲಿ ಮಾರ್ಗರೀಟಾ ಈಗ ಇಲ್ಲ. ಸಲಿಕೆ ತಾಗಿ ಕಾಲಿಗೆ ಒಂದು ಗಾಯವಾಯಿತು. ಸಕ್ಕರೆ ಬೇನೆಯ ಮೈ, ಗಾಯ ಮಾಯಲಿಲ್ಲ, ಮೇಲಕ್ಕೇರಿತು. ಕಳೆದ ಮಳೆಗಾಲದಲ್ಲಿ ಆಸ್ಪತ್ರೆಯಲ್ಲಿಯೇ ತೀರಿಕೊಂಡಳು. ಸೆರಗಿನ ಗಂಟಿನಲ್ಲಿ ಯಾವಾಗಲೂ ಒಂದು ಬೆಲ್ಲದ ಚೂರು ಕಟ್ಟಿಕೊಂಡಿರುತ್ತಿದ್ದವಳು ಅವಳು. ಬೇನೆ ಎಂದು ಗೊತ್ತಾದ ಮೇಲೂ ಕಟ್ಟಿಕೊಳ್ಳುತ್ತಿದ್ದಳು. ಕೇಳಿದರೆ, "ತಿನ್ನಾಕಲ್ಲ, ವಾಸನೀಗೆ," ಎನ್ನುತ್ತಿದ್ದಳು.

ಮೋತಿಬಾಯಿಯ ತವರಿನಲ್ಲಿ ಒಂದು ಪದ್ಧತಿ ಇತ್ತು. ಸಾವಾದ ಮನೆಯವರು ಸಿಹಿ ಮುಟ್ಟುವುದಿಲ್ಲ. ಮುಂದೆ ತಾವಾಗಿಯೇ ಶುರು ಮಾಡುವಂತೆಯೂ ಇಲ್ಲ. ಆ ಸಾವಿಗೆ ಅತ್ತಿರದ ಹೊರಗಿನ ಒಬ್ಬರು ಬಂದು ಬಾಯಿಗೆ ಸಿಹಿ ಇಡಬೇಕು. ಕೊಡಿ ಎಂದು ಕೇಳಬಾರದು. ಕೇಳಿ ತಿಂದದ್ದು ಲೆಕ್ಕಕ್ಕಿಲ್ಲ. ಆ ದಿನ ಬೆಳಿಗ್ಗೆಯಿಂದ ಬಾಯಿಗೆ ಬೇರೆ ಏನೂ ಹೋಗಿರಬಾರದು. ಕೇರಿಯವರೇ ದಿನ ನೋಡಿ, "ನಾಳೆ ಉಪಾಸ ಇರು" ಎಂದು ಹೇಳಿ ಕಳಿಸುತ್ತಿದ್ದರು. ಅಲ್ಲಿಗೆ ದುಃಖ ಬಿಟ್ಟಿತು ಎಂದು ಅರ್ಥ. ಮರುದಿನದಿಂದ ನಗಬಹುದು, ಹಬ್ಬ ಮಾಡಬಹುದು.

ಆದರೆ ಗೆಳತಿ ಸತ್ತವಳ ಬಾಯಿಗೆ ಸಿಹಿ ಇಡಲು ಯಾರು ಬರುತ್ತಾರೆ? ಮೋತಿಬಾಯಿ ತವರಿಗೆ ಹೋದಾಗ ತನ್ನ ಸೋದರತ್ತೆ ಸಕ್ಕುಬಾಯಿಯನ್ನು ಕೇಳಿ ನೋಡಿದಳು. ಮುದುಕಿ ಎಲೆ ಅಡಿಕೆ ಕುಟ್ಟುತ್ತಾ, "ಗೆಳತಿ ಸತ್ರ ಸೂತಕಿಲ್ಲ. ಸೂತಕ ಇಲ್ಲಂದ ಮ್ಯಾಲ ಬಿಡಸೂದು ಏನೈತಿ? ಸುಮ್ನ ತಿನ್ನು," ಎಂದಳು. ಜೈರಾಮ, "ತಿಂದ್ರ ತಿನ್ನು, ಬಿಟ್ರ ಬಿಡು," ಎಂದ. ಮಾರ್ಗರೀಟಾಳ ಮಗ ಸ್ಟೀವನ್ ತಿಂಗಳ ಪ್ರಾರ್ಥನೆ ಮುಗಿಸಿ ಎಲ್ಲರಿಗೂ ಪಾಯಸ ಬಡಿಸಿದ. ಆ ಮನೆಯ ದುಃಖ ಅವರ ರೀತಿಯಲ್ಲಿ ಮುಗಿಯಿತು. ಮೋತಿಬಾಯಿ ಪಾಯಸದ ಬಟ್ಟಲನ್ನು ಪಕ್ಕದವರ ಕೈಗಿಟ್ಟು ಎದ್ದು ಬಂದಳು. ರಂಜಾನಿಗೆ ಸಲ್ಮಾ ಶೀರಕುರ್ಮಾ ತಂದಳು. ಮೋತಿಬಾಯಿ ತಲೆ ಅಲ್ಲಾಡಿಸಿ, "ನೀನೂ ಆಕಿ ಸಲುವಾಗಿ ಅತ್ತಾಕಿ. ನಿನ್ನ ಕೈಯಿಂದ ನಡ್ಯಾಂಗಿಲ್ಲ," ಎಂದಳು. ಸಲ್ಮಾಗೆ ಸಿಟ್ಟು ಬಂತು. ಶಂಕ್ರವ್ವ ಮಾತ್ರ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಅದಕ್ಕೇ ಅವಳಿಗೆ ಚಮಚದ ಹೋಟೆಲ್ ನೆನಪಾದದ್ದು.

ಮೌಳಂಗಿಯ ದಾರಿಯಲ್ಲಿ, ಹೊಳೆಯ ದಂಡೆಗೆ ಹೊಸದಾಗಿ ಎದ್ದ ಹೋಟೆಲ್ ಅದು. ಹೊಳೆಯಲ್ಲಿ ರಬ್ಬರಿನ ದೋಣಿ ಆಡಲು ಬೆಂಗಳೂರು, ಪುಣೆಯ ಕಡೆಯ ಜನ ಬರತೊಡಗಿದ್ದ ಕಾಲ. ಹಳಿಯಾಳದ ಸುಭಾಷ ಎಂಬವನು ಗೋವಾದ ದೊಡ್ಡ ಹೋಟೆಲುಗಳಲ್ಲಿ, ಹಡಗಿನಲ್ಲಿ ಅಡಿಗೆ ಮಾಡಿ ಬಂದು ಅದನ್ನು ತೆರೆದಿದ್ದ. ಬೋರ್ಡಿನ ಮೇಲೆ ಹೆಸರಿಲ್ಲ, ಒಂದು ಚಮಚದ ಚಿತ್ರ ಮಾತ್ರ. ಕಟ್ಟಡ ಏಳುವಾಗ ಅಂಗಳಕ್ಕೆ ಸಸಿ ಬೇಕೆಂದು ಅವನು ಸಸಿತೋಟಕ್ಕೆ ಬಂದಿದ್ದ. ಈ ನಾಲ್ವರೂ ಹೋಗಿ ನೆಟ್ಟು ಕೊಟ್ಟಿದ್ದರು. ಆಗ ಅವನು, "ಹೋಟೆಲ್ ಚಾಲೂ ಆದ ಮ್ಯಾಲ ನಾಲ್ಕೂ ಮಂದಿ ಬರಬೇಕ್ರಿ, ನನ್ನ ಕಡೆಯಿಂದ ಊಟ," ಎಂದಿದ್ದ. ಅದನ್ನು ಮಾರ್ಗರೀಟಾ ಕಡೆಯವರೆಗೂ ಮರೆತಿರಲಿಲ್ಲ. "ನಾ ಆ ಹೋಟೆಲ್ದಾಗ ಉಂಡ ಸಾಯಾಕಿ," ಎನ್ನುತ್ತಿದ್ದಳು. ಹೋಟೆಲು ತೆರೆಯುವ ಮೊದಲೇ ಸತ್ತಳು.

ಶಂಕ್ರವ್ವನ ವಿಚಾರ ಹೀಗಿತ್ತು. ಆ ಹೋಟೆಲಿನಲ್ಲಿ ಇಂಥದ್ದು ಬೇಕು ಎಂದು ಕೇಳುವ ಹಾಗಿಲ್ಲವಂತೆ. ಅವರು ತಾವಾಗಿಯೇ ಒಂದಾದ ಮೇಲೊಂದು ಸಣ್ಣ ಸಣ್ಣ ತಾಟು ತಂದಿಡುತ್ತಾರಂತೆ. ಅಂದರೆ ಕೇಳದೆ ಬಂದ ಹಾಗಾಯಿತು. ಬಡಿಸುವವನು ಮಾರ್ಗರೀಟಾಳ ಮುಖ ಕಂಡವನಲ್ಲ. ಅಂದರೆ ಹೊರಗಿನವನಾದ. ಮತ್ತೆ, ಮರ್ಯಾದೆಯ ಊಟ ಎಲ್ಲಿಯಾದರೂ ಸಿಹಿಯಿಂದಲೇ ಶುರುವಾಗುವುದು. ಎಲೆಯ ಮೇಲೆ ಮೊದಲು ಬೀಳುವುದು ಹೋಳಿಗೆಯೋ ಹುಗ್ಗಿಯೋ ಆಗಿರುತ್ತದೆ. ಇನ್ನೇನು ಬೇಕು?

ಶನಿವಾರ ಸಂಜೆ ಅವಳು ಮೋತಿಬಾಯಿಗೆ, "ನಾಳೆ ಉಪಾಸ ಇರು," ಎಂದಳು. ಅಷ್ಟೇ ಹೇಳಿದಳು. ಮೋತಿಬಾಯಿಗೆ ಅರ್ಥವಾಯಿತು. ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ತಿಳಿಯದೆ ಚೀಲಕ್ಕೆ ಮಣ್ಣು ತುಂಬುತ್ತಾ ಕೂತಳು. ಆ ಗುಂಗಿನಲ್ಲಿ ಒಂದು ಚೀಲಕ್ಕೆ ಸಸಿಯನ್ನೇ ಇಡದೆ ಮಣ್ಣು ತುಂಬಿ ಸಾಲಿನಲ್ಲಿಟ್ಟಳು.

ಭಾನುವಾರ ಮಧ್ಯಾಹ್ನ ಮೂವರೂ ಟೆಂಪೋ ಹತ್ತಿದರು. ಮೋತಿಬಾಯಿ ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಕಾಗದದ ಮಿಲ್ಲಿನ ವಾಸನೆ ಹಿಂದೆ ಬಿತ್ತು, ಬಂಗೂರನಗರ ಹಿಂದೆ ಬಿತ್ತು. ಅವಳ ಮನಸ್ಸು ಮಾತ್ರ ಆಸ್ಪತ್ರೆಯ ಆ ಮಂಚದ ಹತ್ತಿರವೇ ನಿಂತಿತ್ತು.

ಸ್ಟೀವನ್ ರಾತ್ರಿ ಪಾಳಿಯಿಂದ ಬಂದು ಮಲಗಿದ ದಿನಗಳಲ್ಲಿ ಮೋತಿಬಾಯಿ ಮಾರ್ಗರೀಟಾಳ ಬಳಿ ಕೂರುತ್ತಿದ್ದಳು. "ಮಾವಶಿ, ಅವ್ವಗ ಸಿಹಿ ಒಂದು ಕೊಡಬ್ಯಾಡ. ನಿನ್ನ ಮ್ಯಾಲ ಬಿಟ್ಟೇನಿ," ಎಂದು ಅವನು ಹೇಳಿ ಹೋಗುತ್ತಿದ್ದ. ಒಂದು ದಿನ ಪಕ್ಕದ ಮಂಚದವರಿಗೆ ಮೊಮ್ಮಗ ಹುಟ್ಟಿ ಅವರು ಇಡೀ ಕೋಣೆಗೆ ಪೇಢೆ ಹಂಚಿದರು. ಮೋತಿಬಾಯಿ ನೋಡುವಷ್ಟರಲ್ಲಿ ಮಾರ್ಗರೀಟಾಳ ಮುಷ್ಟಿಯೊಳಗೆ ಒಂದು ಪೇಢೆ ಇತ್ತು. ಬೆರಳು ಒಂದೊಂದಾಗಿ ಬಿಡಿಸಿ ಕಸಿದುಕೊಳ್ಳಬೇಕಾಯಿತು. ಕಸಿದ ಮೇಲೆ ಎಲ್ಲಿ ಇಡಬೇಕು? ಎಲ್ಲಿಟ್ಟರೂ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕೊನೆಗೆ ಮೋತಿಬಾಯಿ ಅದನ್ನು ತನ್ನ ಬಾಯಿಗೇ ಹಾಕಿಕೊಂಡಳು.

ಮಾರ್ಗರೀಟಾ ದಿಂಬಿನ ಮೇಲಿಂದ ಅವಳ ಬಾಯಿ ಆಡುವುದನ್ನೇ ನೋಡುತ್ತಿದ್ದಳು. "ಹೆಂಗೈತಿ?" ಎಂದು ಕೇಳಿದಳು.

"ಸಪ್ಪಗೈತಿ. ಚಲೋ ಇಲ್ಲ," ಎಂದಳು ಮೋತಿಬಾಯಿ.

ಬಹಳ ಚೆನ್ನಾಗಿತ್ತು. ಆ ವಾರವೇ ಮಾರ್ಗರೀಟಾ ಸತ್ತಳು. ಇದನ್ನು ಮೋತಿಬಾಯಿ ಯಾರಿಗೂ ಹೇಳಿರಲಿಲ್ಲ. ತಾನು ಸಿಹಿ ಬಿಟ್ಟದ್ದು ಸೂತಕಕ್ಕೋ ಆ ಪೇಢೆಗೋ, ಅವಳಿಗೇ ಬೇರೆ ಮಾಡಿ ನೋಡಲು ಬರುತ್ತಿರಲಿಲ್ಲ.

ಚಮಚದ ಹೋಟೆಲಿನಲ್ಲಿ ಆರೇ ಮೇಜುಗಳು. ಅಂಗಳದಲ್ಲಿ ತಾವು ನೆಟ್ಟ ಕರವೀರ, ಮಜ್ಜಿಗೆಹುಲ್ಲು ಚೆನ್ನಾಗಿ ಹಬ್ಬಿದ್ದವು. ಶಂಕ್ರವ್ವ ಕೂರುವ ಮೊದಲು ಅದರಲ್ಲಿದ್ದ ಕಳೆಯನ್ನು ನಾಲ್ಕು ಕಿತ್ತು ಎಸೆದಳು. ಬಡಿಸುವವನು ಜೇವಿಯರ್, ಜೋಯಿಡಾದ ಕಡೆಯ ಮೂವತ್ತರ ವಯಸ್ಸಿನವನು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಸುಭಾಷ ಒಳಗಿನಿಂದ ಬಂದು ಕೈಮುಗಿದ.

"ಬರ್ರಿ, ಬರ್ರಿ. ನಾಲ್ಕು ಮಂದಿ ಅಲ್ಲೇನ್ರಿ?"

"ಒಬ್ಬಾಕಿ ಬರಾಂಗಿಲ್ರಿ," ಎಂದಳು ಸಲ್ಮಾ.

ಸುಭಾಷ ನಾಲ್ಕನೆಯ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದ. "ಎಲ್ಲಾರೂ ಎಲ್ಲಾ ತಿಂತೀರಲ್ರಿ?"

"ಇಲ್ರಿ, ನನಗ ಮೀನು, ಮಟನ್, ತತ್ತಿ ಯಾವುದೂ ನಡ್ಯಾಂಗಿಲ್ಲ," ಎಂದಳು ಶಂಕ್ರವ್ವ. "ಇವರಿಗೂ ಬ್ಯಾಡ. ವಾಸನಿ ಬರ್ತೈತಿ."

"ಹೊಳಿದಂಡಿಗೆ ಬಂದು ಮೀನಿಲ್ಲ!" ಎಂದು ಸಲ್ಮಾ ಹಣೆ ಬಡಿದುಕೊಂಡಳು. "ನಿನ್ನ ಸಂಗಡ ಬಂದ್ರ ಜನ್ನತ್‌ದಾಗೂ ಬರೇ ಬ್ಯಾಳಿ ಸಾರ ಸಿಗತೈತಿ ನೋಡು."

ಸುಭಾಷ ನಗುತ್ತಾ ಒಳಗೆ ಹೋದ. ಶಂಕ್ರವ್ವ ದನಿ ತಗ್ಗಿಸಿ, "ಯಾರೂ ಏನೂ ಕೇಳಬ್ಯಾಡ್ರಿ. ತಾವಾಗಿ ತರಲಿ. ಮೋತಿ, ನೀ ಸುಮ್ನ ಬಾಯಿ ಮುಚ್ಚಿಕೊಂಡು ಕೂಡು. ಮದ್ಲ ಸಿಹೀನ ಬರತೈತಿ, ಅದನ್ನ ತಿನ್ನು," ಎಂದಳು.

ಮೊದಲು ಬಂದದ್ದು ಮೂರು ಪುಟ್ಟ ಬಟ್ಟಲು. ಬಟ್ಟಲೊಂದರಲ್ಲಿ ಒಂದೇ ಒಂದು ಕಂದು ಉಂಡೆ, ಸುತ್ತ ಕೆಂಪು ಪಾಕ.

"ಜಾಮೂನು!" ಶಂಕ್ರವ್ವನ ಮುಖ ಅರಳಿತು. "ಹೇಳಿದ್ನಿಲ್ಲ?"

ಮೋತಿಬಾಯಿ ಬಟ್ಟಲನ್ನು ಕೈಗೆತ್ತಿಕೊಂಡಳು. ಆದರೆ ಜಾಮೂನಿನ ವಾಸನೆ ಬರಲಿಲ್ಲ. ಅವಳು ಒಮ್ಮೆ ಬಟ್ಟಲನ್ನು, ಒಮ್ಮೆ ಶಂಕ್ರವ್ವನನ್ನು ನೋಡಿದಳು. "ತಡಿ, ನಾ ನೋಡ್ತೇನಿ," ಎಂದು ಸಲ್ಮಾ ತನ್ನ ಉಂಡೆಯನ್ನು ಬಾಯಿಗೆ ಹಾಕಿಕೊಂಡಳು. ಅವಳ ಒಂದು ಕಣ್ಣು ಮುಚ್ಚಿಕೊಂಡಿತು.

"ಇಡು, ಕೆಳಗಿಡು! ಸೂರಣಗಡ್ಡಿ ಐತಿ. ಇದು ಪಾಕಲ್ಲ, ಮುರುಗಲ ಹುಳಿ. ಅಯ್ಯಯ್ಯ, ಹಲ್ಲು ಜುಮ್ ಅಂತಾವ."

ಮೋತಿಬಾಯಿ ಬಟ್ಟಲು ಕೆಳಗಿಟ್ಟಳು. ಎರಡನೆಯ ತಾಟಿನಲ್ಲಿ ಬಾಳೆ ಎಲೆಯ ಚೂರಿನ ಮೇಲೆ ಬಿಳಿ ಬರ್ಫಿಗಳಿದ್ದವು. ಮೇಲೆ ಬಾದಾಮಿಯ ತೆಳು ಚೂರು ಸಹ. ಈ ಸಲ ಶಂಕ್ರವ್ವನೇ ತಿಂದು ನೋಡಿದಳು. ಬಹಳ ಹೊತ್ತು ಅಗಿದಳು.

"ಏನಾತು? ಸಿಹಿ ಐತಿಲ್ಲೋ?" ಎಂದಳು ಸಲ್ಮಾ.

"ಮೊಸರ ಗಟ್ಟಿ ಮಾಡ್ಯಾರ. ಒಳಗ ಬೆಳ್ಳೊಳ್ಳಿ ಐತಿ. ಮ್ಯಾಲಿಂದು ಬಾದಾಮಿ ಅಲ್ಲ, ಬೆಳ್ಳೊಳ್ಳೀನ." ಅವಳಿಗೆ ಅಳು ಬರುವುದೊಂದು ಬಾಕಿ. "ಬೆಳ್ಳೊಳ್ಳಿಗೆ ಬರ್ಫಿ ವೇಷ ಯಾಕ ಹಾಕ್ಯಾನ ಈ ಪುಣ್ಯಾತ್ಮ?"

ಮೂರನೆಯದು ಮಣ್ಣಿನ ಕುಡಿಕೆಯಲ್ಲಿ ಚಹಾ. ನೊರೆ ಬಂದಿತ್ತು, ಬಣ್ಣವೂ ಚಹಾದ್ದೇ. ಅದು ಹುರುಳಿಕಟ್ಟಿನ ಸಾರು. ನಾಲ್ಕನೆಯದು ಸಾರಿನ ಸೌಟಿನಷ್ಟು ಪುಟ್ಟ ಬಾಣಲೆಯಲ್ಲಿ ಉಪ್ಪಿಟ್ಟಿನಂಥದ್ದು. ಇದು ಉಪ್ಪಿಟ್ಟೇ ಎಂದುಕೊಂಡು ಯಾರೂ ಮುಟ್ಟದೆ ಬಿಟ್ಟರು. ಅದು ಏನಾಗಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಮೋತಿಬಾಯಿಯ ಮುಂದೆ ಮುಟ್ಟದ ಬಟ್ಟಲುಗಳು ಸಾಲು ನಿಂತವು. ಅವಳ ಹೊಟ್ಟೆ ಒಳಗೊಳಗೇ ಕೂಗುತ್ತಿತ್ತು. ಸಿಹಿ ಸಿಗಲಿಲ್ಲ ಎಂದು ಒಂದು ಸಲ ಬೇಜಾರಾಗುತ್ತಿತ್ತು. ಮರುಗಳಿಗೆಯಲ್ಲಿ, ಸಿಗಲಿಲ್ಲವಲ್ಲ ಸದ್ಯ ಎಂದು ಉಸಿರು ಸಲೀಸಾಗುತ್ತಿತ್ತು. ಎರಡರಲ್ಲಿ ತನಗೆ ಬೇಕಾದದ್ದು ಯಾವುದು ಎಂದು ಅವಳಿಗೆ ಹೊಳೆಯಲಿಲ್ಲ.

ಜೇವಿಯರ್ ಖಾಲಿ ಬಟ್ಟಲು ಒಯ್ಯಲು ಬಂದು ಗಾಬರಿಯಾದ. "ಮಾವಶಿ, ನೀವು ಏನೂ ತಿಂದಿಲ್ಲ. ಚಲೋ ಆಗಿಲ್ಲೇನ್ರಿ?"

"ಚಲೋ ಅದಾವಪ್ಪಾ," ಎಂದಳು ಮೋತಿಬಾಯಿ.

"ತಿನ್ನದ ಹೆಂಗ ಗೊತ್ತಾತ್ರಿ?"

"ಆಕಿ ಸಾವಕಾಶ ತಿನ್ನಾಕಿ. ನೀ ಮುಂದಿಂದು ತಗೊಂಬಾ," ಎಂದು ಶಂಕ್ರವ್ವ ಅವನನ್ನು ಕಳಿಸಿದಳು. ಅವನು ತಲೆ ಕೆರೆದುಕೊಳ್ಳುತ್ತಾ ಒಳಗೆ ಹೋದ. ಅಡಿಗೆಮನೆಯ ಕಿಟಕಿಯಿಂದ ಸುಭಾಷನ ಮುಖ ಒಮ್ಮೆ ಇಣುಕಿ ಮರೆಯಾಯಿತು.

ಐದನೆಯ ತಾಟಿನಲ್ಲಿ ಮೂರು ಮೆಣಸಿನಕಾಯಿ ಬಜ್ಜಿಗಳು ಬಂದವು. ಹಿಟ್ಟಿನೊಳಗಿಂದ ಹಸಿರು ತೊಟ್ಟು ಹೊರಗೆ ಕಾಣುತ್ತಿತ್ತು. "ಒಬ್ಬೊಬ್ರು ಒಂದೊಂದು ತಗೋರಿ," ಎಂದು ಜೇವಿಯರ್ ಹೇಳಿ ಸ್ವಲ್ಪ ದೂರ ಹೋಗಿ ನಿಂತ.

"ಸಾಕಾತವ್ವಾ," ಎಂದಳು ಸಲ್ಮಾ. "ಸಿಹಿ ಹುಡುಕಿ ಹುಡುಕಿ ನನ್ನ ಹೊಟ್ಟಿ ಬೆನ್ನಿಗೆ ಹತ್ತೇತಿ. ನಾ ಇದನ್ನರ ತಿಂತೇನಿ." ಒಂದು ಬಜ್ಜಿ ಎತ್ತಿ ಅರ್ಧ ಕಚ್ಚಿದಳು. ಬಾಯಿ ಆಡುವುದು ನಿಂತಿತು. ಕಣ್ಣು ಅಗಲವಾದವು.

"ಖಾರ?" ಎಂದಳು ಶಂಕ್ರವ್ವ.

ಸಲ್ಮಾ ಕೈಯಲ್ಲಿದ್ದ ಉಳಿದರ್ಧ ತೋರಿಸಿದಳು. ಒಳಗೆ ಹೂರಣ! ಕೊಬ್ಬರಿ, ಬೆಲ್ಲ, ಯಾಲಕ್ಕಿ. ಖಾರವಿಲ್ಲದ ದಪ್ಪ ಮೆಣಸಿನಕಾಯಿಯ ಬೀಜ ತೆಗೆದು ಅದರೊಳಗೆ ಕಡುಬಿನ ಹೂರಣ ತುಂಬಿ ಕರಿದಿದ್ದ ಸುಭಾಷ.

ಇಬ್ಬರೂ ಒಮ್ಮೆಲೆ ಮೋತಿಬಾಯಿಯ ಕಡೆ ತಿರುಗಿದರು. ತಾಟಿನಲ್ಲಿ ಇನ್ನೂ ಎರಡಿದ್ದವು. ಹೊರಗಿನವನು ತಂದಿಟ್ಟದ್ದು. ಯಾರೂ ಕೇಳಿರಲಿಲ್ಲ. ಬಾಯಿ ಬೆಳಿಗ್ಗೆಯಿಂದ ಖಾಲಿ. ಇನ್ನು ಅನುಮಾನಕ್ಕೆ ಜಾಗವೇ ಇರಲಿಲ್ಲ.

"ತಗೋ ಮೋತಿ," ಎಂದಳು ಶಂಕ್ರವ್ವ ಮೆಲ್ಲಗೆ.

ಮೋತಿಬಾಯಿಯ ಕೈ ಮುಂದೆ ಹೋಯಿತು, ತಾಟಿನ ಅಂಚಿನಲ್ಲಿ ನಿಂತಿತು. ಅಲ್ಲೇ ಇತ್ತು. ಹಿಂದಕ್ಕೂ ಬರಲಿಲ್ಲ.

"ನನಗ ಆಗಾಂಗಿಲ್ಲ," ಎಂದಳು. "ನಾ ಆಕಿ ಕೈಯಾಂದು ಕಸಗೊಂಡು ತಿಂದೇನಿ."

ಏನು ಎಂದು ಇಬ್ಬರಿಗೂ ತಿಳಿಯಲಿಲ್ಲ. ಮೋತಿಬಾಯಿ ಹೇಳಿದಳು, ಪಕ್ಕದ ಮಂಚ, ಮುಷ್ಟಿ, ಬೆರಳು ಬಿಡಿಸಿದ್ದು, ಎದುರಿಗೇ ತಿಂದದ್ದು, ಸಪ್ಪಗಿದೆ ಎಂದು ಸುಳ್ಳು ಹೇಳಿದ್ದು. "ಒಂದ ಪೇಢೆ. ಸಾಯು ಹೆಣಮಗಳಿಗೆ ಒಂದ ಪೇಢೆ ಕೊಡಲಿಲ್ಲ ನಾ. ಆಸೀ ಇಟಗೊಂಡ ಹೋದ್ಲು. ಈಗ ನಾ ಹೆಂಗ ತಿನ್ನಲಿ?"

ಸಲ್ಮಾ, "ಆಗಿನ್ನೂ ಸಾಯ್ತಾಳಂತ ಯಾರಿಗೆ ಗೊತ್ತಿತ್ತು…" ಎಂದು ಏನೋ ಹೇಳಹೊರಟು ಶಂಕ್ರವ್ವನ ಮುಖ ನೋಡಿ ನಿಂತಳು. ಶಂಕ್ರವ್ವ ಬೆವರಿದ್ದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಮೇಜಿನ ಮೇಲೆ ಕಣ್ಣಿಟ್ಟುಕೊಂಡೇ, "ಕೊಡಲಿಲ್ಲಂದ್ರ? ನಾ ಕೊಟ್ನಲ್ಲ," ಎಂದಳು.

"ಏನ ಕೊಟ್ಟಿ?"

"ಪೇಢೆ. ಮರುದಿನ. ನಾ ನೋಡಾಕ ಹೋದಾಗ ಆಕೀನ ಕೇಳಿದ್ಲು. 'ಮೋತಿ ಹೊಟ್ಟಿಬಾಕಿ, ನನ್ನ ಪಾಲಿಂದು ನನ್ನ ಮುಂದ ತಿಂದ್ಲು. ನೀನರ ತಂದುಕೊಡು ಶಂಕ್ರಿ' ಅಂದ್ಲು. ನನಗ ಕರುಳು ಚುರ್ ಅಂತು. ಕುಪ್ಪಸದಾಗ ಮುಚ್ಚಿಟ್ಟು ಎರಡು ಒಯ್ದೆ. ಎರಡೂ ತಿಂದ್ಲು. ಆಮ್ಯಾಲ ಸತ್ಲು." ಶಂಕ್ರವ್ವ ಮುಂದಿದ್ದ ಬಟ್ಟಲೊಂದನ್ನು ದೂರ ಸರಿಸಿದಳು. "ನಾನ ಕೊಂದೆ ಅನಕೋತ ಕುಂತೇನಿ ಇಷ್ಟು ದಿನ. ನಿನಗ ಹೆಂಗ ಹೇಳಲಿ? ಆಕೀನ್ನ ಕಾಯಾಕ ಕುಂತಾಕಿ ನೀನು."

ಆಗ ಸಲ್ಮಾ ಗಂಟಲು ಸರಿಮಾಡಿಕೊಂಡಳು.

"ಬರೇ ಎರಡು ಪೇಢೆ ಅಲ್ಲ," ಎಂದಳು. "ನಾ ಶಾವಿಗಿ ಪಾಯಸ ಒಯ್ದಿದ್ದೆ. ಡಬ್ಬಿ ತುಂಬ. ನನ್ನ ಮುಂದೂ ಅದನ್ನ ಹೇಳಿದ್ಲು. ಮೋತಿ ನನ್ನ ಪೇಢೆ ಕಸಗೊಂಡ್ಲು, ಶಂಕ್ರವ್ವಗ ಕೇಳಿದ್ರ ಆಕಿ ಅಂಜುಬುರುಕಿ, ತರಾಂಗಿಲ್ಲ ಅಂತ. ಡಬ್ಬಿ ನೆಕ್ಕಿ ಕೊಟ್ಲು."

"ಅಂದ್ರ," ಎಂದಳು ಮೋತಿಬಾಯಿ ತಡವರಿಸುತ್ತಾ, "ನನ್ನ ಹೆಸರು ಹೇಳಿ ಹೇಳಿ ಎಲ್ಲಾರ ಹತ್ರ ತಿಂದ್ಲಾ?"

"ತಿಂದ್ಲು."

"ನಾ ಹೊಟ್ಟಿಬಾಕಿ ಅಂದ್ಲಾ?"

"ಅಂದ್ಲು."

ಮೋತಿಬಾಯಿಗೆ ಸಿಟ್ಟು ಬಂತು. ವರ್ಷವಿಡೀ ಸಪ್ಪನೆಯ ಚಹಾ ಕುಡಿದ ಸಿಟ್ಟು. ಯಾರ ಮೇಲೆ ಎಂದು ನೋಡಿದರೆ ಆ ಹೆಂಗಸೇ ಇಲ್ಲ. ಹೊಟ್ಟೆಯಿಂದ ಏನೋ ಮೇಲೆ ಬಂತು. ಅಳು ಎಂದುಕೊಂಡಳು, ನಗುವಾಗಿತ್ತು. ಶಂಕ್ರವ್ವನೂ ಮೂಗು ಒರೆಸಿಕೊಳ್ಳುತ್ತಾ ನಕ್ಕಳು. "ಪೇಢೆಯಿಂದ ಸತ್ಲೋ ಗಾಯದಿಂದ ಸತ್ಲೋ, ದೇವರಿಗೇ ಗೊತ್ತು," ಎಂದಳು ಸಲ್ಮಾ. "ಆಸೀ ಇಟಗೊಂಡಂತೂ ಸಾಯಲಿಲ್ಲ ಆ ಚಿನಾಲಿ."

ಇನ್ನು ತಡ ಮಾಡಿದರೆ ಮತ್ತೆ ಏನಾದರೂ ನೆನಪಾದೀತು ಎಂದು ಮೋತಿಬಾಯಿ ಒಂದು ಬಜ್ಜಿಯನ್ನು ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡಳು.

ಮೊದಲ ಕಡಿತಕ್ಕೆ ಅವಳಿಗೆ ಏನೂ ತಿಳಿಯಲಿಲ್ಲ. ಎರಡನೆಯದಕ್ಕೆ ನಾಲಿಗೆಯ ಮೇಲೆ ಕೆಂಡ ಬಿತ್ತು. ಕಿವಿ ಬಿಸಿಯಾದವು, ಕಣ್ಣಿನಿಂದ ಮೂಗಿನಿಂದ ನೀರು ಸುರಿಯಿತು. ಅವಳು ಬಾಯಲ್ಲಿದ್ದದ್ದನ್ನು ಸೆರಗಿಗೆ ಉಗುಳಿ, ಕೆಮ್ಮುತ್ತಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಏ, ಆಕೀಗೇನಾತು! ಸಿಹಿ ಐತಲ್ಲ ಅದು!" ಎಂದು ಸಲ್ಮಾ ಕೂಗಿದಳು. ಸುಭಾಷ ಅಡಿಗೆಮನೆಯಿಂದ ಓಡಿ ಬಂದ. "ಅಯ್ಯೋ, ನಿಮಗ ಬಂತೇನ್ರಿ ಅದು? ಮೂರರಾಗ ಒಂದು ಖರೇ ಮೆಣಸಿನಕಾಯಿ ಇಡ್ತೇನ್ರಿ ನಾನು, ಆಟ ಅದು. ಗೋವಾದಾಗ ಜನ ಹೊಟ್ಟಿ ಹಿಡಕೊಂಡ ನಗತಾರ…" ಅವನು ನಿಂತಲ್ಲಿ ನಿಲ್ಲಲಾಗದೆ ಕೈ ಕೈ ಹಿಚುಕಿಕೊಂಡ. ಶಂಕ್ರವ್ವ ನೀರು ಕುಡಿಸಲು ಹೋದಳು. ನೀರಿನಿಂದ ಉರಿ ಇನ್ನಷ್ಟು ಏರಿತು.

ಅಷ್ಟರಲ್ಲಿ ಜೇವಿಯರ್ ಒಳಗೆ ಓಡಿ ಓಡುತ್ತಲೇ ಹೊರಗೆ ಬಂದಿದ್ದ. "ಬಾಯಿ ತೆಗೀರಿ ಮಾವಶಿ, ತೆಗೀರಿ ಬಾಯಿ," ಎಂದ. ಕಣ್ಣು ಕಾಣದ ಮೋತಿಬಾಯಿ ಬಾಯಿ ತೆರೆದಳು. ಅವನು ತನ್ನ ಕೈಯಿಂದ ಏನನ್ನೋ ಅವಳ ನಾಲಿಗೆಯ ಮೇಲಿಟ್ಟ.

ಬೆಲ್ಲ.

ಶಂಕ್ರವ್ವ ನೀರಿನ ಲೋಟ ಹಿಡಿದಲ್ಲೇ ಕಲ್ಲಾಗಿ ನಿಂತಳು. ಸಲ್ಮಾ ಅವಳ ಕೈ ಹಿಡಿದುಕೊಂಡಳು.

ಮೋತಿಬಾಯಿ ಕುರ್ಚಿಯಿಲ್ಲದಲ್ಲಿ ಕೂರಲು ಹೋದಳು, ಜೇವಿಯರ್ ಕುರ್ಚಿ ಎತ್ತಿಟ್ಟು ಅವಳನ್ನು ಹಿಡಿದು ಕೂರಿಸಬೇಕಾಯಿತು. ಬೆಲ್ಲ ಮೆಲ್ಲಗೆ ಕರಗತೊಡಗಿತು. ಕಬ್ಬಿನ ವಾಸನೆ, ಸ್ವಲ್ಪ ಉಪ್ಪುಪ್ಪು, ಕಡೆಗೆ ಒಂದು ಸಣ್ಣ ಹರಳಿನಂತೆ ನಾಲಿಗೆಯಡಿಗೆ ಬಂತು. ಅವಳು ಅದನ್ನು ಅಗಿಯಲಿಲ್ಲ, ನುಂಗಲಿಲ್ಲ. ಕರಗಿ ಮುಗಿಯುವವರೆಗೂ ಬಾಯಿ ಮುಚ್ಚಿ ಕೂತಳು. ಕಣ್ಣೀರು ಖಾರಕ್ಕೆ ಬರುತ್ತಿತ್ತೋ ಬೇರೆ ಯಾವುದಕ್ಕೋ, ಯಾರೂ ಕೇಳಲಿಲ್ಲ.

"ಕಮ್ಮಿ ಆತೇನ್ರಿ?" ಎಂದ ಜೇವಿಯರ್.

ಅವಳು ತಲೆ ಆಡಿಸಿದಳು.

ಮನೆಗೆ ಹೋಗುವಾಗ ಟೆಂಪೋದಲ್ಲಿ ಜಗಳವೇ ನಡೆಯಿತು. "ಹೊರಗಿನಾಂವ, ಕೇಳದ, ತನ್ನ ಕೈಲೆ ಬಾಯಾಗ ಇಟ್ಟ. ಮುಗೀತು, ಬಿಟ್ಟಿತು," ಎನ್ನುತ್ತಿದ್ದಳು ಶಂಕ್ರವ್ವ.

"ಮದ್ಲ ಖಾರ ಹೋಗಿತ್ತಲ್ಲ ಬಾಯಾಗ," ಎಂದಳು ಮೋತಿಬಾಯಿ. ದನಿ ಇನ್ನೂ ಒಡೆದಿತ್ತು.

"ನುಂಗಿದೇನು ನೀ ಅದನ್ನ? ಉಗುಳಿದಿಲ್ಲ?"

"ಅರ್ಧ ನುಂಗೇನಿ ಅನಸ್ತೈತಿ."

"ಅರ್ಧ ನುಂಗಿದ್ರ ಅರ್ಧ ಲೆಕ್ಕ," ಎಂದಳು ಸಲ್ಮಾ. "ಈಗ ಯಾರರ ನನಗೊಂದು ಮೀನು ಕೊಡಸ್ರಿ. ನನ್ನ ಸೂತಕ ಬ್ಯಾರೆ ಐತಿ."

ಮೋತಿಬಾಯಿ ಹೊರಗೆ ನೋಡುತ್ತಾ ಕೂತಳು. ಲೆಕ್ಕಕ್ಕೆ ಬಂತೋ ಇಲ್ಲವೋ ಸಕ್ಕುಬಾಯಿ ಅತ್ತೆಯನ್ನೇ ಕೇಳಬೇಕು ಎಂದುಕೊಂಡಳು. ಆ ಮುದುಕಿ ಸೂತಕವೇ ಇಲ್ಲ ಎಂದವಳು, ಅವಳನ್ನು ಕೇಳಿ ಏನು ಉಪಯೋಗ ಎಂದೂ ಅನಿಸಿತು. ಮನೆಯಲ್ಲಿ ಜೈರಾಮ ಅವಳ ಊದಿದ ತುಟಿ ನೋಡಿ, "ಊಟ ಹೆಂಗಿತ್ತು?" ಎಂದ.

"ಊಟ ಮಾಡಿದ್ನೋ ಇಲ್ಲೋ ಗೊತ್ತಾಗಲಿಲ್ಲ," ಎಂದಳು. ಅವನು ಅವಳ ತಾಟಿಗೆ ರೊಟ್ಟಿ ಹಾಕಿದ.

ಮರುದಿನ ಅಡಿವೆಯ್ಯ ಎಂದಿನಂತೆ ಎರಡು ಕಿಟ್ಲಿ ಹಿಡಿದು ಬಂದ. ಸಣ್ಣ ಕಿಟ್ಲಿಯಿಂದ ಮೋತಿಬಾಯಿಯ ಕಪ್ಪಿಗೆ ಸುರಿಯಲು ಬಗ್ಗಿದ. ಅವಳು ಕಪ್ಪಿನ ಮೇಲೆ ಮಣ್ಣಿನ ಕೈ ಅಡ್ಡ ಇಟ್ಟಳು.

"ಚಹಾ ಬ್ಯಾಡೇನಕ್ಕಾ?"

ಸಿಹಿ ಕೇಳಬಾರದು ಎಂಬುದು ಇನ್ನೂ ಅವಳ ಮನಸ್ಸಿನಲ್ಲಿತ್ತು. ದೊಡ್ಡ ಕಿಟ್ಲಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ. ಅಡಿವೆಯ್ಯ ಅವಳ ಮುಖ ನೋಡಿದ, ಕಿಟ್ಲಿ ನೋಡಿದ, ಮತ್ತೆ ಅವಳ ಮುಖ ನೋಡಿದ. ಆಮೇಲೆ ದೊಡ್ಡ ಕಿಟ್ಲಿಯಿಂದ ಸುರಿದ.

ಒಂದು ಗುಟುಕು ಕುಡಿದು ಮೋತಿಬಾಯಿ ಮುಖ ಹಿಂಡಿದಳು. "ಇಷ್ಟೊಂದು ಸಕ್ರಿ ಹಾಕ್ತೀಯಲ್ಲೋ! ಮಂದಿಗೆ ಬ್ಯಾನಿ ಬರಾಕ ಬ್ಯಾರೆ ಏನ ಬೇಕು?"

ಸಾಲಿನಲ್ಲಿ ಕೂತಿದ್ದ ಶಂಕ್ರವ್ವ ತಲೆ ಬಗ್ಗಿಸಿಕೊಂಡು ಚೀಲಕ್ಕೆ ಮಣ್ಣು ತುಂಬತೊಡಗಿದಳು. ಮೋತಿಬಾಯಿ ಎಡಗಡೆ ಮಾರ್ಗರೀಟಾ ಕೂರುತ್ತಿದ್ದ ಖಾಲಿ ಜಾಗವನ್ನು ಒಮ್ಮೆ ನೋಡಿ, ಕಪ್ಪಿನ ತಳದವರೆಗೂ ಕುಡಿದಳು.